ನಿಮಗಿದು ಗೊತ್ತೆ? ಹಳೇ ಪಿಕಪ್‌ನ ಒಳಗುಟ್ಟು
ಮಂಡ್ಯದ ಕಬ್ಬು-ಬೆಲ್ಲ, ಮದ್ದೂರಿನ ಎಳನೀರು, ಮಳವಳ್ಳಿಯ ತರಕಾರಿ ಹೊತ್ತು ದುಡಿದ ಪಿಕಪ್ ಮಾರಾಟಕ್ಕಿದೆಯೇ? ಮೊದಲು ಬಗ್ಗಿ ಹಿಂದಿನ ಕಮಾನು ಪಟ್ಟಿ ನೋಡಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಬಿಗಿದಿದ್ದರೆ ಗಾಡಿ ಮಿತಿ ಮೀರಿ ಲೋಡ್ ಎಳೆದಿರಬಹುದು. ಕ್ಲಚ್ ಪ್ಲೇಟ್, ವೀಲ್ ಬೇರಿಂಗ್ ಕೈಕೊಡುವುದು, ಚಾಸಿ ಬಿರುಕು ಬಿಡುವುದು ಅಂಥ ಗಾಡಿಗಳಲ್ಲೇ ಹೆಚ್ಚು. ಚಾಸಿಗೆ ಹೊಸ ಬಣ್ಣ ಬಳಿದಿದ್ದರಂತೂ ಅನುಮಾನಪಡಿ!

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಸಿ. ಹೊಗೆ ಬುಸುಬುಸು ಎದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಎಂಜಿನ್ ಬಿಚ್ಚಿಸುವ ಖರ್ಚು ನಿಮ್ಮದೇ. ‘ಸಣ್ಣ ಕೆಲಸ ಅಣ್ಣಾ’ ಎನ್ನುವ ಬ್ರೋಕರ್ ಮಾತು ನಂಬಬೇಡಿ.

ಇನ್ನು ಕಾಗದಪತ್ರ: ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ ಮಾಡಿಸುವ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿವರ್ಷ. ಟೈರು, ಬ್ರೇಕು, ಲೈಟು ಸರಿಪಡಿಸುವ ಖರ್ಚೂ ಅದರ ಬೆನ್ನಿಗೇ ಬರುತ್ತದೆ. ಲೋಡ್ ಸೇರಿ ಒಟ್ಟು ತೂಕದ ಮಿತಿ 3,000 ಕೆ.ಜಿ. ದಾಟದ ಗಾಡಿಗೆ ಪರ್ಮಿಟ್ ಬೇಡ. 7,500 ಕೆ.ಜಿ.ವರೆಗಿನದನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೊಮ್ಮೆ ಹೇಳಿದೆ.

ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿ ಹೆಸರಿದ್ದರೆ, ಸಾಲ ತೀರಿದ್ದಕ್ಕೆ ಅವರು ಕೊಡುವ ಫಾರಂ 35 ಮತ್ತು ಎನ್‌ಒಸಿ ಕೈಸೇರುವ ತನಕ ಪೂರ್ತಿ ದುಡ್ಡು ಕೊಡಬೇಡಿ.