ಉಸಿರೆಳೆದರೂ ನಿಲ್ಲದ ನಾದ

ಪ್ರಶ್ನೆ: ಬ್ಯಾಗ್‌ಪೈಪ್ ನುಡಿಸುವವರು ಉಸಿರೆಳೆದುಕೊಳ್ಳುವಾಗಲೂ ನಾದ ನಿಲ್ಲುವುದಿಲ್ಲ, ಹೇಗೆ? ಆರ್ಕೆಸ್ಟ್ರಾದಲ್ಲಿ ಈ ವಾದ್ಯ ಅಪರೂಪವೇಕೆ?

ಮೋಟಾರ್ ನಿಂತರೂ ಮಹಡಿ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬರುತ್ತಲೇ ಇರುತ್ತದಲ್ಲ, ಬ್ಯಾಗ್‌ಪೈಪಿನ ಚೀಲದ ಕೆಲಸವೂ ಅದೇ. ವಾದಕರು ಊದುಗೊಳವೆಯಿಂದ ಚೀಲಕ್ಕೆ ಗಾಳಿ ತುಂಬುತ್ತಾರೆ. ಅದು ಹಿಂದಕ್ಕೆ ಬಾರದಂತೆ ಅಲ್ಲೊಂದು ಕವಾಟ. ಉಸಿರೆಳೆಯುವಾಗ ತೋಳಿನಿಂದ ಚೀಲ ಒತ್ತಿದರೆ ಸಾಕು, ಒತ್ತಡ ಇಳಿಯದೆ ಕೊಳವೆಗಳೊಳಗಿನ ರೀಡು ಎಂಬ ತೆಳು ಪಟ್ಟಿಗಳು ಕಂಪಿಸುತ್ತಲೇ ಇರುತ್ತವೆ. ರಂಧ್ರಗಳಿರುವ ಕೊಳವೆಯಲ್ಲಿ ಬೆರಳಾಡಿಸಿ ಹಾಡು ನುಡಿಸಿದರೆ, ಭುಜದ ಮೇಲಿನ ಉದ್ದ ಕೊಳವೆ ಒಂದೇ ಸಮನೆ ಶ್ರುತಿ ಹಿಡಿದಿರುತ್ತದೆ.

ತೊಡಕೂ ಇಲ್ಲೇ. ಬೇಕೆಂದಾಗ ದನಿ ತಗ್ಗಿಸಲಾಗದು. ಒತ್ತಡ ಸಡಿಲಿಸಿದರೆ ಸ್ವರವೇ ಜಾರುತ್ತದೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೈಪಿನ 'ಎ' ಸ್ವರವಂತೂ ಆರ್ಕೆಸ್ಟ್ರಾದ 440 ಹರ್ಟ್ಸ್‌ಗಿಂತ ಮೇಲೆ, ಹೆಚ್ಚುಕಡಿಮೆ 'ಬಿ ಫ್ಲ್ಯಾಟ್' ಹತ್ತಿರ. ಸಂಗೀತ ಸಂಯೋಜಕ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ 1985ರ 'ಆನ್ ಆರ್ಕ್ನಿ ವೆಡಿಂಗ್, ವಿತ್ ಸನ್‌ರೈಸ್' ಕೃತಿಯಲ್ಲಿ ಪೈಪರನನ್ನು ಕೊನೆಗಷ್ಟೇ ಒಳಗೆ ಕರೆದದ್ದು ಜಾಣತನವೇ.

ಸ್ಪೇನಿನ ಗಲೀಸಿಯಾದ ಬ್ಯಾಗ್‌ಪೈಪ್ 'ಗೈತಾ' ಇಷ್ಟು ಹಟಮಾರಿಯಲ್ಲ. ಅದನ್ನು ಆರ್ಕೆಸ್ಟ್ರಾಕ್ಕೆ ಹೊಂದುವ ಶ್ರುತಿಗಳಲ್ಲೇ ತಯಾರಿಸುತ್ತಾರೆ. ನಡುವೆ ಒಂದೊಂದು ರಂಧ್ರ ಬಿಟ್ಟು ಉಳಿದವನ್ನು ಬೆರಳಿನಿಂದ ಮುಚ್ಚಿ ನಡುಸ್ವರಗಳನ್ನೂ ಹೊರಡಿಸಬಹುದು. ಪಿಯಾನೋ ಕಲಿತಿದ್ದ ಗಲೀಸಿಯಾದ ಗೈತಾ ವಾದಕಿ ಕ್ರಿಸ್ಟಿನಾ ಪಾತೊ ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡರು. ಚೆಲ್ಲೋ ವಾದಕ ಯೊ-ಯೊ ಮಾ ಸ್ಥಾಪಿಸಿದ ಸಿಲ್ಕ್‌ರೋಡ್ ತಂಡದಲ್ಲಿ ಪಾತೊ ಅವರ ಗೈತಾ ಪಿಟೀಲು, ನಮ್ಮ ತಬಲಾಗಳ ಜೊತೆ ಸಲೀಸಾಗಿ ಮಾತಿಗಿಳಿಯಿತು. ಕೇಳಬೇಕೆನಿಸಿದರೆ ಆ ತಂಡದ 2016ರ 'ಸಿಂಗ್ ಮಿ ಹೋಮ್' ಆಲ್ಬಂ ಹುಡುಕಿ.