ಖಾರದ ಬಾಟಲಿಯಲ್ಲಿ ಅಡಗಿದ ಉಪ್ಪು

"ಉಪ್ಪು ಬಿಟ್ಟು ಮೂರು ತಿಂಗ್ಳಾತು ಡಾಕ್ಟ್ರೇ. ಸಪ್ಪೆ ಸಾರು ಉಣ್ತೀನಿ. ಆದ್ರೂ ಬಿ.ಪಿ. ಇಳೀತಿಲ್ವಲ್ಲ?"

ಚಿಕ್ಕಜಾಜೂರಿನ ಪಕ್ಕದ ಹಳ್ಳಿಯಿಂದ ಬಂದಿದ್ದ ಅರವತ್ತರ ಹತ್ತಿರದ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇದು. ಅಂದು ಅವರ ರಕ್ತದೊತ್ತಡ 170/100 ಇತ್ತು. ಮಾತ್ರೆ ತಪ್ಪಿಸಿರಲಿಲ್ಲ. ಅವರು ಸುಳ್ಳು ಹೇಳುವವರೂ ಅಲ್ಲ. ಉತ್ತರ ಸಿಕ್ಕಿದ್ದು ಜೊತೆಗೆ ಬಂದಿದ್ದ ಸೊಸೆಯಿಂದ. "ಸಪ್ಪೆ ಸಾರು ಇಳಿಯಲ್ಲ ಅಂತ ಅತ್ತೆ ಮುದ್ದೆ ಜೊತೆ ಅಂಗಡಿ ಉಪ್ಪಿನಕಾಯಿ ನೆಂಚ್ಕೋತಾರೆ ಸಾರ್. ರೊಟ್ಟಿಗೆ ಮೊಮ್ಮಗ ತಂದಿರೋ ಕೆಂಪು ಸಾಸು ಹಾಕ್ಕೋತಾರೆ." ಅಜ್ಜಿ ಕೂಡಲೇ ಹೇಳಿದರು: "ಅದು ಖಾರ ಅಲ್ವಾ? ಉಪ್ಪಲ್ವಲ್ಲ!"

ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು ಇದೇ ತಿಳಿವಳಿಕೆ. ಅಂಗಡಿಯಿಂದ ತರುವ ಚಿಲ್ಲಿ ಸಾಸ್, ಟೊಮೆಟೊ ಚಿಲ್ಲಿ ಸಾಸ್, ಷೆಜ್ವಾನ್ ಚಟ್ನಿ, ಕೆಂಪು ಮೆಣಸಿನಕಾಯಿ ಉಪ್ಪಿನಕಾಯಿ ಇವುಗಳ ಬಗ್ಗೆ ಹಿರಿಯರು ಹೆದರುವುದು ಖಾರಕ್ಕೆ ಮಾತ್ರ. ಖಾರ ನಾಲಿಗೆಗೆ ತಕ್ಷಣ ತಿಳಿಯುತ್ತದೆ. ಅದರ ಜೊತೆಗೆ ಹೊಟ್ಟೆ ಸೇರುವ ಉಪ್ಪು ತಿಳಿಯುವುದಿಲ್ಲ. ಎಲ್ಲರೂ ಇಷ್ಟಪಟ್ಟು ತಿನ್ನುವ ಈ ಪದಾರ್ಥಗಳ ಬಗ್ಗೆ ಈ ವಾರ ವಿಚಾರ ಮಾಡೋಣ.

ಖಾರ ಎಂದರೇನು?

ಮೆಣಸಿನಕಾಯಿ ನಮ್ಮ ನಾಡಿನ ಮೂಲ ಬೆಳೆಯಲ್ಲ. ಮೆಕ್ಸಿಕೋ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಹುಟ್ಟಿದ ಈ ಗಿಡವನ್ನು ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು.

ಮೆಣಸಿನಕಾಯಿಯಲ್ಲಿ ಉರಿ ಉಂಟುಮಾಡುವ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರಗಳ ತುದಿಗೆ ಇದು ಅಂಟಿಕೊಳ್ಳುತ್ತದೆ. ಆಗ ನಿಜವಾಗಿ ಬಾಯಿ ಸುಡದಿದ್ದರೂ ಸುಡುತ್ತಿದೆ ಎಂಬ ಸಂದೇಶ ಮಿದುಳಿಗೆ ಹೋಗುತ್ತದೆ. ಬೆವರು, ಕಣ್ಣೀರು, ಮೂಗಿನಲ್ಲಿ ನೀರು ಎಲ್ಲವೂ ಅದರ ಪರಿಣಾಮ. ನರದ ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಖಾರ ಹತ್ತಿದಾಗ ಚೊಂಬು ಚೊಂಬು ನೀರು ಕುಡಿದರೆ ಪ್ರಯೋಜನ ಕಡಿಮೆ. ಹಾಲು, ಮೊಸರು ಅಥವಾ ಮಜ್ಜಿಗೆ ಕುಡಿದರೆ ಉರಿ ಬೇಗ ಶಮನವಾಗುತ್ತದೆ.

ಬಣ್ಣ ಕಡುಗೆಂಪಾದಷ್ಟೂ ಖಾರ ಹೆಚ್ಚು ಎಂಬುದೂ ತಪ್ಪು. ನಮ್ಮ ಊರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಹಾದಿಯಲ್ಲೇ ಬ್ಯಾಡಗಿ ಇದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ.

ಖಾರದಿಂದ ಹುಣ್ಣಾಗುತ್ತದೆಯೇ?

"ಖಾರ ತಿಂದು ತಿಂದು ಕರುಳಲ್ಲಿ ಹುಣ್ಣಾಗಿದೆ" ಎಂದು ಹೇಳುವವರು ಇಂದಿಗೂ ಇದ್ದಾರೆ. ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಮೈಕೈ ನೋವಿಗೆಂದು ಪದೇ ಪದೇ ನುಂಗುವ ನೋವಿನ ಮಾತ್ರೆಗಳು. ಖಾರ ಹುಣ್ಣನ್ನು ಹುಟ್ಟಿಸುವುದಿಲ್ಲ. ಆದರೆ ಈಗಾಗಲೇ ಹುಣ್ಣು, ಎದೆಯುರಿ, ಹುಳಿತೇಗು ಅಥವಾ ಮೂಲವ್ಯಾಧಿ ಇರುವವರಿಗೆ ಅದು ತೊಂದರೆ ಹೆಚ್ಚಿಸಬಹುದು. ಅಂಥವರು ಮಿತಿಯಲ್ಲಿರುವುದು ಒಳಿತು.

ಒಂದು ಎಚ್ಚರಿಕೆಯ ಮಾತು. ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರಿಗೆ, ಎದೆಯುರಿಯ ಜೊತೆ ಬೆವರು, ಉಸಿರುಕಟ್ಟುವಿಕೆ, ಎಡಗೈ ಅಥವಾ ದವಡೆ ನೋವು ಕಾಣಿಸಿಕೊಂಡರೆ "ರಾತ್ರಿ ಖಾರ ತಿಂದದ್ದು, ಗ್ಯಾಸು" ಎಂದು ಸೋಡಾ ಕುಡಿದು ಮಲಗಬೇಡಿ. ಅದು ಹೃದಯಾಘಾತ ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಉಪ್ಪಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಬಾಟಲಿಯ ಪದಾರ್ಥ ತಿಂಗಳುಗಟ್ಟಲೆ ಕೆಡದೆ ಇರಬೇಕಾದರೆ ಉಪ್ಪು, ಹುಳಿ, ಸಕ್ಕರೆ ಅಥವಾ ಎಣ್ಣೆ ಬೇಕೇ ಬೇಕು. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ಬಂದಾಗ ಉಪ್ಪು ಎಷ್ಟಿದೆ ಎಂದು ಗುರುತಿಸಲು ನಾಲಿಗೆಗೆ ಆಗುವುದಿಲ್ಲ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಸಮ ಮಾಡಿದ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಸಾರು, ಪಲ್ಯ, ರೊಟ್ಟಿ, ಮಂಡಕ್ಕಿ, ಉಪ್ಪಿನಕಾಯಿ ಎಲ್ಲದರ ಉಪ್ಪೂ ಇದರಲ್ಲೇ ಸೇರಬೇಕು.

ಉಪ್ಪಿನಕಾಯಿಯಲ್ಲಿ ನೂರಕ್ಕೆ ಹತ್ತು ಪಾಲಿನ ಆಸುಪಾಸು ಉಪ್ಪಿರುವುದು ಸಾಮಾನ್ಯ. ದಿನಕ್ಕೆ 20 ಗ್ರಾಂ ಉಪ್ಪಿನಕಾಯಿ ತಿಂದರೆ 2 ಗ್ರಾಂ ಉಪ್ಪು ತಿಂದಂತಾಯಿತು. ಇಡೀ ದಿನದ ಪಾಲಿನಲ್ಲಿ ಸುಮಾರು ಅರ್ಧದಷ್ಟು ಅಲ್ಲಿಗೇ ಮುಗಿಯಿತು!

ಸಾಸ್ ಬಾಟಲಿಯ ಲೆಕ್ಕವನ್ನು ನೀವೇ ಮಾಡಬಹುದು. ಹಿಂಬದಿಯ ಲೇಬಲ್ ಮೇಲೆ ಪೌಷ್ಟಿಕಾಂಶದ ಪಟ್ಟಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ನೋಡಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಉದಾಹರಣೆಗೆ, 100 ಗ್ರಾಂ ಸಾಸಿನಲ್ಲಿ 2,000 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 5 ಗ್ರಾಂ ಉಪ್ಪು. ಅದೇ ಸಾಸನ್ನು ಎರಡು ದೊಡ್ಡ ಚಮಚ, ಅಂದರೆ 30 ಗ್ರಾಂ, ಹಾಕಿಕೊಂಡರೆ ಒಂದೂವರೆ ಗ್ರಾಂ ಉಪ್ಪು. ಕಂಪನಿಯಿಂದ ಕಂಪನಿಗೆ ಈ ಅಂಕಿ ಬಹಳ ವ್ಯತ್ಯಾಸವಾಗುತ್ತದೆ. ಆದ್ದರಿಂದ ಎರಡು ಬಾಟಲಿಗಳನ್ನು ಹೋಲಿಸಿ, ಕಡಿಮೆ ಇರುವುದನ್ನು ಕೊಳ್ಳಿ.

ಪ್ರಮಾಣವೂ ಮುಖ್ಯ. ಅಮೆರಿಕದಲ್ಲಿ 1868ರಿಂದ ತಯಾರಾಗುತ್ತಿರುವ ಟಬಾಸ್ಕೊ ಎಂಬ ಸಾಸಿನಲ್ಲಿ ಇರುವುದು ಮೆಣಸಿನಕಾಯಿ, ಉಪ್ಪು ಮತ್ತು ವಿನಿಗರ್ ಮಾತ್ರ. ಅಲ್ಲಿನವರು ಅದನ್ನು ಹನಿ ಲೆಕ್ಕದಲ್ಲಿ ಹಾಕಿಕೊಳ್ಳುತ್ತಾರೆ. ನಾವು ಸಿಹಿ ಬೆರೆತ ಚಿಲ್ಲಿ ಸಾಸನ್ನು ಪಲ್ಯದಂತೆ ಬಡಿಸಿಕೊಳ್ಳುತ್ತೇವೆ!

ಉಪ್ಪು ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಲಕ್ವ, ಹೃದಯಾಘಾತ, ಮೂತ್ರಪಿಂಡದ ವೈಫಲ್ಯಕ್ಕೆ ದಾರಿಯಾಗುತ್ತದೆ. ಬಿ.ಪಿ. ಏರಿದರೂ ಬಹಳ ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ ಎಂಬುದನ್ನು ಮರೆಯಬೇಡಿ.

ಸೈಂಧವ ಲವಣ ಹಾಕಿದರೆ ತೊಂದರೆ ಇಲ್ಲವೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಇರುವುದೂ ಬಹುಪಾಲು ಅದೇ ಉಪ್ಪು. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರು ಹಾಗೂ ಬಿ.ಪಿ. ಅಥವಾ ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಬಣ್ಣದ ಮೋಸ

ಸಂಜೆಯಾದರೆ ಸಣ್ಣ ಊರುಗಳಲ್ಲೂ ಗೋಬಿ ಮಂಚೂರಿ ಗಾಡಿಯ ಮುಂದೆ ಮಕ್ಕಳು ಸೇರುತ್ತಾರೆ. ಅಲ್ಲಿನ ಕೆಂಪೆಲ್ಲ ಮೆಣಸಿನಕಾಯಿಯದಲ್ಲ. ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂದ ಮೇಲೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣವೂ ಆಹಾರದಲ್ಲಿ ಸಿಕ್ಕಿತ್ತು. ತಿಂದ ಕೈಬೆರಳು ತೊಳೆದರೂ ಗುಲಾಬಿಯಾಗಿಯೇ ಉಳಿದರೆ ಆ ತಿಂಡಿಯನ್ನು ಮತ್ತೆ ತಿನ್ನಬೇಡಿ.

ಗಾಡಿಗಳಲ್ಲಿ ಲೇಬಲ್ ಇಲ್ಲದ ಬಾಟಲಿಗೆ ಡಬ್ಬದಿಂದ ತುಂಬಿಸಿಟ್ಟ ಸಾಸಿನಲ್ಲಿ ಏನಿದೆ, ಎಂದು ತಯಾರಾದದ್ದು ಎಂಬುದನ್ನು ತಿಳಿಯಲು ದಾರಿಯೇ ಇಲ್ಲ. ಅದನ್ನು ಬಿಡುವುದು ಕ್ಷೇಮ.

ಕೊಳ್ಳುವಾಗ, ಬಳಸುವಾಗ

ತಯಾರಿಸಿದ ದಿನಾಂಕ, ಬಳಕೆಯ ಅವಧಿ ಮತ್ತು ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇಲ್ಲದ ಬಾಟಲಿ ಕೊಳ್ಳಬೇಡಿ.

ಒಳಗಿರುವ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲಿಗೇ ನೀರು, ಸಕ್ಕರೆ ಎಂದಿದ್ದರೆ ನೀವು ಹೆಚ್ಚಾಗಿ ಕೊಳ್ಳುತ್ತಿರುವುದು ಅವುಗಳನ್ನೇ. ಸಕ್ಕರೆ ಕಾಯಿಲೆ ಇರುವವರು ಇದನ್ನು ಗಮನಿಸಬೇಕು. 211 ಎಂಬ ಅಂಕಿ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕದ್ದು. 102, 110, 122, 124 ಇವು ಕೃತಕ ಬಣ್ಣಗಳ ಅಂಕಿಗಳು. 160ಸಿ ಎಂಬುದು ಮೆಣಸಿನಕಾಯಿಯಿಂದಲೇ ತೆಗೆದ ಬಣ್ಣ.

ಒದ್ದೆ ಚಮಚ, ಎಂಜಲು ಚಮಚ ಬಾಟಲಿಗೆ ಹಾಕಬೇಡಿ. ತೆರೆದ ಮೇಲೆ ಹೇಗಿಡಬೇಕೆಂದು ಲೇಬಲ್ ಮೇಲೆ ಹೇಳಿರುವಂತೆಯೇ ಇಡಿ. ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ, ಪೂರ್ತಿ ಬಿಸಾಡಿ.

ಮನೆಯಲ್ಲೇ ಇದೆ ಉಪಾಯ

ಮೆಕ್ಸಿಕೋದವರ ಸಾಲ್ಸಾ ಇಂದು ನಗರಗಳ ದೊಡ್ಡ ಅಂಗಡಿಗಳಲ್ಲಿ ಬಾಟಲಿಯಲ್ಲಿ ದೊರೆಯುತ್ತದೆ. ಸಾಲ್ಸಾ ಎಂದರೆ ಅವರ ಭಾಷೆಯಲ್ಲಿ ಸಾಸ್ ಎಂದಷ್ಟೇ ಅರ್ಥ. ಟೊಮೆಟೊ, ಹಸಿ ಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಅದರ ಸಾಮಗ್ರಿ. ಇದು ನಮ್ಮ ಮನೆಯ ಸುಟ್ಟ ಟೊಮೆಟೊ ಗೊಜ್ಜಿಗೆ ಹತ್ತಿರದ ನೆಂಟನೇ ಅಲ್ಲವೇ?

ಎರಡು ಟೊಮೆಟೊ, ಎರಡು ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ ಸುಟ್ಟು ಕಿವುಚಿ, ಹಸಿ ಈರುಳ್ಳಿ, ಕೊತ್ತಂಬರಿ ಸೇರಿಸಿ, ನಿಂಬೆಹಣ್ಣು ಹಿಂಡಿ. ಉಪ್ಪು ಒಂದು ಚಿಟಿಕೆ ಸಾಕು, ಹುಳಿ ಮತ್ತು ಬೆಳ್ಳುಳ್ಳಿ ಆ ಕೊರತೆಯನ್ನು ತುಂಬುತ್ತವೆ. ಉಪ್ಪು ಕಡಿಮೆ ಇರುವುದರಿಂದ ಇದು ಉಳಿಯುವುದಿಲ್ಲ, ಅಂದಂದೇ ಮಾಡಿ ಅಂದಂದೇ ಮುಗಿಸಬೇಕು.

ಆ ಅಜ್ಜಿಗೂ ಹೇಳಿದ್ದು ಇದನ್ನೇ. ಖಾರ ಬಿಡಬೇಡಿ, ಬಾಟಲಿ ಬಿಡಿ ಎಂದೆ. ಸಪ್ಪೆ ಊಟ ಗಂಟಲಲ್ಲಿ ಇಳಿಯದವರಿಗೆ ಖಾರವನ್ನೂ ಕಿತ್ತುಕೊಂಡರೆ ಪಥ್ಯ ಒಂದು ವಾರವೂ ನಡೆಯುವುದಿಲ್ಲ. ಮಾತ್ರೆ ಅದೇ ಇತ್ತು, ಬದಲಾದದ್ದು ನೆಂಚಿಕೊಳ್ಳುವುದು ಮಾತ್ರ. ಎರಡು ತಿಂಗಳ ನಂತರ ಬಂದಾಗ ಅವರ ಬಿ.ಪಿ. 146/88 ಇತ್ತು. ಇನ್ನೂ ಇಳಿಯಬೇಕು ನಿಜ, ಆದರೆ ದಾರಿ ಸಿಕ್ಕಿದೆ. "ಗೊಜ್ಜೇ ವಾಸಿ ಡಾಕ್ಟ್ರೇ, ಸಾಸಿನಂಗೆ ಅಂಟಂಟಿಲ್ಲ" ಎಂದು ಹೇಳಿ ಹೋದರು.

ನಿಮ್ಮ ಮನೆಯಲ್ಲೂ ಬಿ.ಪಿ. ಇರುವ ಹಿರಿಯರಿದ್ದರೆ ಇಂದು ಅವರ ಸಾರಿನ ಪಾತ್ರೆಯನ್ನಷ್ಟೇ ನೋಡಬೇಡಿ, ತಟ್ಟೆಯ ಅಂಚನ್ನೂ ನೋಡಿ.