ಡೇರಿ ಲೆಕ್ಕಕ್ಕೆ ಕೌಂಟ್‌ಇಫ್, ಸಮ್‌ಇಫ್ಸ್

ನೂರು ಮಂದಿ ದಿನಕ್ಕೆರಡು ಹೊತ್ತು ಹಾಲು ಹಾಕುವ ಹಳ್ಳಿಯ ಡೇರಿಯಲ್ಲಿ ಮೂವತ್ತು ದಿನಕ್ಕೆ 6,000 ಸಾಲು ತುಂಬುತ್ತವೆ. 17ನೇ ನಂಬರಿನ ಸದಸ್ಯೆ ‘ನನ್ನ ಹಾಲು ಒಟ್ಟು ಎಷ್ಟಾಯಿತು?’ ಎಂದು ಕೇಳಿದರೆ ಅಷ್ಟೂ ಸಾಲುಗಳಲ್ಲಿ ಆಕೆಯವನ್ನು ಹುಡುಕಿ ಕೂಡಬೇಕು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಯಾವುದರಲ್ಲಿ ಲೆಕ್ಕ ಬರೆದಿದ್ದರೂ ಈ ಕೆಲಸಕ್ಕೆ ಒಂದು ಸೂತ್ರ ಸಾಕು.

ಎ ಕಾಲಂನಲ್ಲಿ ದಿನಾಂಕ, ಬಿಯಲ್ಲಿ ಸದಸ್ಯರ ನಂಬರು, ಸಿಯಲ್ಲಿ ಹೊತ್ತು, ಡಿಯಲ್ಲಿ ಲೀಟರು, ಇಯಲ್ಲಿ ಫ್ಯಾಟ್ ಇದೆ ಎಂದುಕೊಳ್ಳೋಣ. ಸೂತ್ರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಹೆಸರು, ಕಾಲಂ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಎಣಿಸುವುದಕ್ಕೆ ಕೌಂಟ್‌ಇಫ್. ಎಲ್ಲಿ ನೋಡಬೇಕು, ಏನನ್ನು ನೋಡಬೇಕು, ಇಷ್ಟು ಹೇಳಿದರೆ ಆಯಿತು. ಫ್ಯಾಟ್ 3.5ಕ್ಕಿಂತ ಕಡಿಮೆ ಬಂದದ್ದು ಎಷ್ಟು ಸಲ?

=ಕೌಂಟ್‌ಇಫ್(ಇ2:ಇ6001,"<3.5")

ಹೋಲಿಕೆಯ ಚಿಹ್ನೆ ಇದ್ದರೆ ಷರತ್ತು ಉದ್ಧರಣ ಚಿಹ್ನೆಯೊಳಗೇ ಇರಬೇಕು. ಖಾಲಿ ಸೆಲ್‌ಗಳನ್ನು ಈ ಸೂತ್ರ ಸೊನ್ನೆಯೆಂದು ಎಣಿಸುವುದಿಲ್ಲ, ಹಾಗಾಗಿ ಪರೀಕ್ಷೆ ಬರೆಯದ ದಿನಗಳು ಇದರೊಳಗೆ ಸೇರಿಕೊಳ್ಳುವುದಿಲ್ಲ.

ಕೂಡುವುದಕ್ಕೆ ಸಮ್‌ಇಫ್ ಮತ್ತು ಸಮ್‌ಇಫ್ಸ್ ಎರಡಿವೆ. ಒಂದೇ ಷರತ್ತಿಗೆ ಮೊದಲನೆಯದು, ಹಲವು ಷರತ್ತಿಗೆ 2007ರ ಎಕ್ಸೆಲ್‌ನೊಂದಿಗೆ ಬಂದ ಎರಡನೆಯದು. ಇವುಗಳಲ್ಲಿ ಕ್ರಮ ಅದಲುಬದಲಾಗಿದೆ: ಕೂಡಬೇಕಾದ ಕಾಲಂ ಸಮ್‌ಇಫ್‌ನಲ್ಲಿ ಕೊನೆಗೆ ಬರುತ್ತದೆ, ಸಮ್‌ಇಫ್ಸ್‌ನಲ್ಲಿ ಮೊದಲಿಗೆ. ಎಲ್ಲಕ್ಕೂ ಸಮ್‌ಇಫ್ಸ್ ಅನ್ನೇ ಬಳಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದೇ ಷರತ್ತಿಗೂ ಅದು ನಡೆಯುತ್ತದೆ. ಕಾಲಂಗಳ ಉದ್ದ ಹೊಂದದಿದ್ದರೆ ದೋಷ ತೋರಿಸಿ ನಿಲ್ಲುತ್ತದೆ. ಸಮ್‌ಇಫ್ ಮಾತ್ರ ತಾನೇ ಉದ್ದ ಹೊಂದಿಸಿಕೊಂಡು ಮುಂದೆ ಹೋಗುತ್ತದೆ.

ಬಟವಾಡೆಯ ಮೊದಲ ದಿನ ಜಿ1ರಲ್ಲಿ, ಕೊನೆಯ ದಿನ ಜಿ2ರಲ್ಲಿ ಇದ್ದರೆ:

=ಸಮ್‌ಇಫ್ಸ್(ಡಿ2:ಡಿ6001,ಬಿ2:ಬಿ6001,17,ಎ2:ಎ6001,">="&ಜಿ1,ಎ2:ಎ6001,"<="&ಜಿ2)

ಚಿಹ್ನೆಯನ್ನು ಸೆಲ್‌ಗೆ ಜೋಡಿಸುವುದು ನಡುವಿನ &. ಇದನ್ನು ಬಿಟ್ಟು ">=ಜಿ1" ಎಂದು ಬರೆದರೆ ‘ಜಿ1’ ಎಂಬ ಎರಡು ಅಕ್ಷರವನ್ನೇ ಸೂತ್ರ ಹುಡುಕುತ್ತದೆ. ಇನ್ನು, 13.06.2025 ಎಂದು ಚುಕ್ಕಿ ಇಟ್ಟು ಬರೆದದ್ದನ್ನು ಎಕ್ಸೆಲ್ ಬರೀ ಅಕ್ಷರವೆಂದು ತಿಳಿಯಬಹುದು. ಅದು ಸೆಲ್‌ನ ಎಡಕ್ಕೆ ಅಂಟಿ ನಿಂತರೆ ಅಕ್ಷರ, ಬಲಕ್ಕೆ ಸರಿದರೆ ದಿನಾಂಕ.

ಸಮ್‌ಇಫ್ಸ್‌ನಲ್ಲಿ ಎಲ್ಲ ಷರತ್ತೂ ಒಂದೇ ಸಾಲಿನಲ್ಲಿ ನಿಜವಾಗಬೇಕು. ಒಂದೇ ಮನೆಯ 17 ಮತ್ತು 18ನೇ ನಂಬರುಗಳನ್ನು ಒಂದೇ ಸೂತ್ರದಲ್ಲಿ ಎರಡು ಷರತ್ತಾಗಿ ಹಾಕಿದರೆ ಉತ್ತರ ಸೊನ್ನೆ, ಯಾಕೆಂದರೆ ಒಂದು ಸಾಲಿನಲ್ಲಿ ಎರಡು ನಂಬರು ಇರಲಾರದು. ಎರಡು ಸೂತ್ರ ಬರೆದು ನಡುವೆ + ಹಾಕಿ. ಸೂತ್ರವನ್ನು ಕೆಳಗಿನ ಸೆಲ್‌ಗಳಿಗೆ ಎಳೆಯುವುದಾದರೆ $ಡಿ$2:$ಡಿ$6001 ಎಂದು ಕಟ್ಟಿಹಾಕಬೇಕು, ಇಲ್ಲವೆಂದರೆ ಒಂದೊಂದು ಹೆಜ್ಜೆಗೂ ಮೇಲಿನ ಒಂದೊಂದು ಸಾಲು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಸರಾಸರಿ ಫ್ಯಾಟಿಗೆ ಆವರೇಜ್‌ಇಫ್ ನಂಬಬೇಡಿ. ಬೆಳಿಗ್ಗೆ 8 ಲೀಟರಿಗೆ 4.0, ಸಂಜೆ 4 ಲೀಟರಿಗೆ 4.6 ಬಂದರೆ ಅದು ಕೊಡುವ ಉತ್ತರ 4.3. ಲೀಟರಿನ ತೂಕ ಸೇರಿಸಿದರೆ ನಿಜವಾದ ಫ್ಯಾಟ್ 4.2. ಸರಿಯಾದ ಸೂತ್ರ ಇದು:

=ಸಮ್‌ಪ್ರಾಡಕ್ಟ್((ಬಿ2:ಬಿ6001=17)*ಡಿ2:ಡಿ6001*ಇ2:ಇ6001)/ಸಮ್‌ಇಫ್ಸ್(ಡಿ2:ಡಿ6001,ಬಿ2:ಬಿ6001,17)

ಈ ಸೂತ್ರಗಳ ದೊಡ್ಡ ಅಪಾಯವೆಂದರೆ, ಬರೆದದ್ದು ತಪ್ಪಿದ್ದರೂ ಅವು ಗದ್ದಲ ಮಾಡುವುದಿಲ್ಲ. ಒಬ್ಬರು ‘ಬೆಳಿಗ್ಗೆ’ ಎಂದು, ಇನ್ನೊಬ್ಬರು ‘ಬೆಳಗ್ಗೆ’ ಎಂದು ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ, ಕೌಂಟ್‌ಇಫ್‌ಗೆ ಬೇರೆ ಬೇರೆ. ಪದದ ಕೊನೆಗೆ ಕಾಣದ ಒಂದು ಸ್ಪೇಸ್ ಉಳಿದರೂ ಆ ಸಾಲು ಹೋಯಿತು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಪದ ಪರದೆಯ ಮೇಲೆ ಯೂನಿಕೋಡ್ ಪದದಂತೆಯೇ ಕಂಡರೂ ಒಳಗಿನ ಸಂಕೇತ ಬೇರೆ. ಹೊತ್ತಿನ ಕಾಲಂಗೆ ಡೇಟಾ ವ್ಯಾಲಿಡೇಷನ್‌ನಲ್ಲಿ ಎರಡೇ ಆಯ್ಕೆಯ ಪಟ್ಟಿ ಇಟ್ಟುಬಿಟ್ಟರೆ ಇವೆಲ್ಲ ಬುಡದಲ್ಲೇ ನಿಲ್ಲುತ್ತವೆ.

ಅದರ ಮೇಲೂ ಎರಡು ತಾಳೆ ಬೇಕು. ಒಂದು:

=ಕೌಂಟ್‌ಎ(ಎ2:ಎ6001)-ಕೌಂಟ್‌ಇಫ್(ಸಿ2:ಸಿ6001,"ಬೆಳಿಗ್ಗೆ")-ಕೌಂಟ್‌ಇಫ್(ಸಿ2:ಸಿ6001,"ಸಂಜೆ")

ಇನ್ನೊಂದು:

=ಕೌಂಟ್‌ಎ(ಡಿ2:ಡಿ6001)-ಕೌಂಟ್(ಡಿ2:ಡಿ6001)

ಎರಡನೆಯದು ಹೆಚ್ಚು ಮುಖ್ಯ. ಯಾರಾದರೂ ‘8.5 ಲೀ’ ಎಂದು ಅಂಕಿಯ ಜೊತೆ ಅಕ್ಷರ ಸೇರಿಸಿದ್ದರೆ ಸಮ್‌ಇಫ್ಸ್ ಅದನ್ನು ಬಿಟ್ಟು ಕೂಡುತ್ತದೆ, ಒಟ್ಟು ಮೊತ್ತ ತೋರಿಸುವ ಸಮ್ ಕೂಡ ಬಿಡುತ್ತದೆ. ಹೀಗಾಗಿ ಎರಡು ಮೊತ್ತ ಒಂದಕ್ಕೊಂದು ಹೊಂದಿದರೂ ಸದಸ್ಯೆಯ ಹಾಲು ಕಾಣೆಯಾಗಿರುತ್ತದೆ. ಅಂಥ ಸೆಲ್‌ಗಳು ಎಷ್ಟಿವೆ ಎಂದು ಈ ವ್ಯತ್ಯಾಸ ಹೇಳುತ್ತದೆ. ಎರಡೂ ಸೂತ್ರ ಸೊನ್ನೆ ತೋರಿಸುವ ತನಕ ಬಟವಾಡೆಯ ಪಟ್ಟಿಗೆ ಸಹಿ ಹಾಕಬೇಡಿ.